ಗುಡಿಸು

ಆ ಬೀದಿಯ ಅಂಗಡಿಗಳೆಲ್ಲ ಒಂದು ಬಾಗಿಲಿನಷ್ಟು ಅಗಲ, ಅಂಗಡಿಗಳ ಹೆಸರು ಮಾತ್ರ ಇಡೀ ಬೀದಿಯಷ್ಟು ಉದ್ದ. ಅಜ್ಜನ ಹೆಸರು ಬೇಕು, ಅಪ್ಪನ ಹೆಸರು ಬೇಕು, ಕೊನೆಗೆ ‘ಮತ್ತು ಮಕ್ಕಳು’ ಎಂದೂ ಬೇಕು, ಮಕ್ಕಳಲ್ಲಿ ಜಗಳವಾದರೆ ಅದನ್ನೇ ‘ಮತ್ತು ಹಿರಿಯ ಮಗ’ ಎಂದು ತಿದ್ದಲೂ ಬೇಕು. ಇಷ್ಟನ್ನೂ ಮೂರು ಮೊಳದ ತಗಡಿನ ಮೇಲೆ, ಬೀದಿಯ ಆ ತುದಿಯಲ್ಲಿ ನಿಂತವನಿಗೂ ಕಾಣುವ ಹಾಗೆ ಬರೆಯಬಲ್ಲವನು ಊರಿಗೆಲ್ಲ ಒಬ್ಬನೇ ಇದ್ದ. ಊರಿನ ಬಾಯಲ್ಲಿ ಅವನು ಇಕ್ಕಟ್ಟಣ್ಣ. ಇಕ್ಕಟ್ಟಿಗೆ ಸಿಕ್ಕಿಕೊಂಡವರು ಇಕ್ಕಟ್ಟಣ್ಣನ ಹತ್ತಿರ ಹೋಗಬೇಕು ಎಂಬ ಮಾತು ಹಾಸ್ಯಕ್ಕೆ ಹುಟ್ಟಿ ಆಮೇಲೆ ಗಾದೆಯೇ ಆಗಿಬಿಟ್ಟಿತ್ತು.

ಇಕ್ಕಟ್ಟು ಎಂದರೆ ಅವನ ಅಕ್ಷರದ ಹೆಸರು. ದಪ್ಪಗೆ, ಎತ್ತರಕ್ಕೆ, ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಲ್ಲುವ ಅಕ್ಷರ. ಬಾಲವಿಲ್ಲ, ಬಳುಕಿಲ್ಲ, ಹಿಂದೆ ನೆರಳಿಲ್ಲ, ಅಂಚಿಗೆ ಹೂಬಳ್ಳಿ ಇಲ್ಲ. ನಮ್ಮ ಅಕ್ಷರಗಳು ಹುಟ್ಟಾ ಗುಂಡಗಿರುವಂಥವು, ಕಾಲು ಚಾಚಿ ಕೂರುವುದು ಅವುಗಳ ಗುಣ. ಅಂಥವನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸುವುದೇ ಅವನ ಕಸುಬು. ಒತ್ತಕ್ಷರವನ್ನು ಮೇಲಿನ ಅಕ್ಷರದ ಕಂಕುಳಿಗೆ ಸಿಕ್ಕಿಸುತ್ತಿದ್ದ, ದೀರ್ಘವನ್ನು ಕಡ್ಡಿಯಂತೆ ಸಣ್ಣಗೆ ಮಾಡುತ್ತಿದ್ದ. ಇನ್ನು ಗುಡಿಸು. ‘ಲ’ ಎಂಬುದನ್ನು ‘ಲಿ’ ಮಾಡಲು ನೆತ್ತಿಯ ಮೇಲೆ ಸುತ್ತುತ್ತೇವಲ್ಲ, ಆ ಪುಟ್ಟ ಉಂಗುರ. ಬೇರೆಯವರ ಬರವಣಿಗೆಯಲ್ಲಿ ಅದು ಸಾಲಿನಿಂದ ಮೇಲಕ್ಕೆ ಇಣುಕುತ್ತದೆ. ಇವನ ಬರವಣಿಗೆಯಲ್ಲಿ ಯಾವುದೂ ಇಣುಕುವಂತಿರಲಿಲ್ಲ. ಗುಡಿಸನ್ನು ಚಪ್ಪಟೆ ಮಾಡಿ, ಅಕ್ಷರದ ತಲೆಯೊಳಕ್ಕೇ ಇಳಿಸಿ, ನಡುವೆ ಕಡಲೆಕಾಳಿನಷ್ಟು ಕಣ್ಣು ಉಳಿಸುತ್ತಿದ್ದ. ಸಾಲಿಗೆ ಸಾಲೇ ದಾರ ಹಿಡಿದು ಕತ್ತರಿಸಿದಂತೆ ಒಂದೇ ಮಟ್ಟ. ಈ ಉಪಾಯಕ್ಕಾಗಿ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡದ್ದು ಎಷ್ಟು ಸಲವೋ.

ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ಗೋಡೆಗೆ ಒರಗಿಸಿದ ತಗಡುಗಳು, ಬಣ್ಣ ಒಣಗಿ ಬಾಯಿ ಕಿರಿದಾದ ಡಬ್ಬಿಗಳು, ಎಣ್ಣೆಯಲ್ಲಿ ಮಲಗಿಸಿಟ್ಟ ಬ್ರಷ್ಷುಗಳು, ಸೀಮೆಸುಣ್ಣ ಬಳಿದ ದಾರದುಂಡೆ. ದಾರವನ್ನು ಎರಡು ಕಡೆ ಬಿಗಿದು, ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ನೆಟ್ಟಗೆ ಒಂದು ಬಿಳಿ ಗೆರೆ ಬೀಳುತ್ತಿತ್ತು. ಅಂಥ ಎರಡು ಗೆರೆಗಳ ನಡುವೆ ಅವನ ನಲವತ್ತು ವರ್ಷ ಕಳೆದಿತ್ತು. ಒಳಗಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು. ಮಕ್ಕಳಿರಲಿಲ್ಲ. ಮೆಷಿನ್ನು ನಿಂತಾಗ ಅವಳ ಮಾತು, ಮಾತು ನಿಂತಾಗ ಮೆಷಿನ್ನು, ಹೀಗೆ ಮನೆ ಯಾವತ್ತೂ ಮೌನವಾಗಿದ್ದದ್ದಿಲ್ಲ. ಕೆಲಸ ಮುಗಿಸಿದ ಬೋರ್ಡನ್ನು ಅವಳಿಗೆ ತೋರಿಸದೆ ಅವನು ಹೊರಗೆ ಕಳಿಸುತ್ತಿರಲಿಲ್ಲ, ಅವಳು ಒಂದು ಕೊಂಕು ಹೇಳದೆ ಬಿಡುತ್ತಿರಲಿಲ್ಲ.

“ನಾನು ಒಂದು ಅಂಗಿ ಹೊಲಿದ್ರೂ ಒಳಗೆ ಒಂದಿಂಚು ಬಟ್ಟೆ ಬಿಡ್ತೀನಿ ಕಣ್ರೀ. ನೀವು ಅಕ್ಷರಕ್ಕೆ ಉಸಿರಾಡೋಕೂ ಜಾಗ ಬಿಡಲ್ಲ,” ಎನ್ನುತ್ತಿದ್ದಳು.

ಅಕ್ಷರಕ್ಕೆ ಮೂಗು ಎಲ್ಲಿದೆ ತೋರಿಸು ಎಂದು ಅವನು ಕೇಳುತ್ತಿದ್ದ. ಇಬ್ಬರೂ ನಗುತ್ತಿದ್ದರು. ಇದು ವರ್ಷಗಟ್ಟಲೆ ನಡೆದ ತಮಾಷೆ.

ಕಂಪ್ಯೂಟರಿನಲ್ಲಿ ಬ್ಯಾನರು ಹೊಡೆಯುವ ಅಂಗಡಿ ಬಂದಮೇಲೆ ಕೆಲಸ ಕಡಿಮೆಯಾಯಿತು. ಅದನ್ನು ನಡೆಸುವವಳು ಚುರುಕು ಹೆಂಗಸು, ತಲೆಗೆ ಒಂದು ಪೆನ್ಸಿಲ್ಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅವಳು ಇಕ್ಕಟ್ಟಣ್ಣನ ಹಳೆಯ ಬೋರ್ಡುಗಳ ಫೋಟೋ ತೆಗೆದುಕೊಂಡು ಹೋಗಿ, ಒಂದೊಂದೇ ಅಕ್ಷರ ಬಿಡಿಸಿ, ಕಂಪ್ಯೂಟರಿಗೆ ಹಾಕಿಕೊಂಡಳು. ಒಂದು ದಿನ ಅವನನ್ನು ಕರೆದು ಕೂರಿಸಿ, ಕೀಲಿಗಳನ್ನು ಒತ್ತಿ ತೋರಿಸಿದಳು. ಪರದೆಯ ಮೇಲೆ ಅವನ ಅಕ್ಷರವೇ, ಅವನ ಕೈ ಇಲ್ಲದೆ, ಸಾಲಾಗಿ ಬಂದು ನಿಂತಿತು. ಅದಕ್ಕೆ ಅವಳು ಇಟ್ಟ ಹೆಸರು ‘ಇಕ್ಕಟ್ಟು ದಪ್ಪ’. ಅನ್ನಕ್ಕೆ ಕಲ್ಲು ಬೀಳುವ ಸಂಗತಿ ಎಂದು ಬೇರೆಯವರು ಹೇಳಿದರೂ ಅವನಿಗೆ ಅವತ್ತು ಹೆಮ್ಮೆಯೇ ಆಯಿತು. ಮಕ್ಕಳಿಲ್ಲದವನಿಗೆ ಇದಾದರೂ ಉಳಿಯಿತಲ್ಲ ಎಂದು ಮನೆಗೆ ಬಂದು ಹೇಳಿದ. ಹೆಂಡತಿ ಅವತ್ತು ಕೊಂಕು ಹೇಳಲಿಲ್ಲ.

ಇದೆಲ್ಲಕ್ಕಿಂತ ಹಿಂದಿನ ಮಾತು ಆ ಹೊಂಡದ ಬೋರ್ಡು. ಊರಾಚೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹೊಂಡವಿತ್ತು. ಮಳೆಯ ನೀರು ನಿಂತು ಹಸಿರು ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಎರಡು ಹೆಜ್ಜೆ ಚಪ್ಪಟೆ ಬಂಡೆ, ಮೂರನೆಯ ಹೆಜ್ಜೆಗೆ ತಳವೇ ಇಲ್ಲ. ಅಲ್ಲೊಂದು ಎಚ್ಚರಿಕೆ ಫಲಕ ಹಾಕಬೇಕೆಂದು ಪುರಸಭೆಯವರು ತೀರ್ಮಾನಿಸಿ, ಹಳೆಯ ಕಪಾಟಿನಿಂದ ಕಿತ್ತ ಕಿರಿದಾದ ತಗಡೊಂದನ್ನೂ ಒಂದು ಚೀಟಿಯನ್ನೂ ಇವನಿಗೆ ಕಳಿಸಿದರು. ಚೀಟಿಯಲ್ಲಿ ಗುಮಾಸ್ತ ಬರೆದಿದ್ದ: ‘ಎಚ್ಚರಿಕೆ. ಸದರಿ ಹೊಂಡವು ಅಪಾಯಕಾರಿಯಾದ ಆಳವನ್ನು ಹೊಂದಿರುವುದರಿಂದ ಸಾರ್ವಜನಿಕರು ನೀರಿಗೆ ಇಳಿಯಬಾರದಾಗಿ ಈ ಮೂಲಕ ತಿಳಿಯಪಡಿಸಲಾಗಿದೆ.’ ಇದನ್ನು ಓದಿ ಮುಗಿಸುವ ಹೊತ್ತಿಗೆ ಮನುಷ್ಯ ಮುಳುಗಿರುತ್ತಾನೆ ಎಂದು ಇಕ್ಕಟ್ಟಣ್ಣ ನಕ್ಕಿದ್ದ. ಆ ನಗು ಮುಂದೆ ಅವನ ಗಂಟಲಿಗೇ ಮುಳ್ಳಾಗುತ್ತದೆಂದು ಅವನಿಗೇನು ಗೊತ್ತು. ಗುಮಾಸ್ತನ ಉದ್ದ ಮಾತನ್ನು ಕತ್ತರಿಸಿ, ಕತ್ತರಿಸಿ, ಎರಡೇ ಪದಕ್ಕೆ ಇಳಿಸಿದ: ‘ಆಳ ಇಲ್ಲಿ’. ಹಳದಿ ತಗಡಿನ ಮೇಲೆ ಅಚ್ಚ ಕಪ್ಪು ಬಣ್ಣ. ಒಂದರ ಕೆಳಗೊಂದು ಪದ, ಅಕ್ಷರ ಒಂದೊಂದೂ ಮೊಳದುದ್ದ. ಎಚ್ಚರಿಕೆ ಎಂಬ ಮಾತು ಕೆಳಗೆ ಸಣ್ಣದಾಗಿ. ದಾರಿಯ ತಿರುವಿನಿಂದಲೇ ಕಣ್ಣಿಗೆ ರಾಚುವ ಹಾಗಿದೆ ಎಂದು ಗುಮಾಸ್ತನೂ ತಲೆದೂಗಿದ. ಬೋರ್ಡು ನೆಟ್ಟು ಬಂದಮೇಲೆ ಹನ್ನೊಂದು ವರ್ಷ ಅವನು ಆ ಕಡೆ ತಲೆ ಹಾಕಲಿಲ್ಲ.

ಊರಿನವರು ಬೋರ್ಡು ಓದುವುದಿಲ್ಲ. ಹೊಂಡದ ಆಳ ಇಲ್ಲೇ ಹುಟ್ಟಿದವರಿಗೆಲ್ಲ ಗೊತ್ತು, ನಡೆಯಲು ಕಲಿಯುವಾಗಲೇ ಅಮ್ಮಂದಿರು ಹೆದರಿಸಿಟ್ಟಿರುತ್ತಾರೆ. ಓದುವವನು ಹೊಸಬನೇ ಆಗಿರಬೇಕು. ಅಂಥ ಹೊಸಬನೊಬ್ಬ ಬಂದ. ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುವ, ಒಲೆಯ ಮುಂದೆ ನಿಲ್ಲುವ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಯುವಕ. ಜೊತೆಗೆ ಅವನ ತಾಯಿ. ಇಬ್ಬರೂ ಊರಿಗೆ ಬಂದು ಮೂರು ತಿಂಗಳಾಗಿತ್ತು. ಬಿಸಿಲು ಹೊಡೆಯುವ ಒಂದು ಮಧ್ಯಾಹ್ನ ಕೆಲಸ ಮುಗಿಸಿ, ತಲೆ ತುಂಬ ಹಿಟ್ಟು ಮೆತ್ತಿಕೊಂಡು ಹೊರಟವನು ಸಂಜೆಯಾದರೂ ಮನೆ ಸೇರಲಿಲ್ಲ. ಮಾರನೆಯ ದಿನ ಹೊಂಡದಿಂದ ಅವನನ್ನು ಮೇಲೆತ್ತಿದರು. ಅಂಗಿ ನೀಟಾಗಿ ಮಡಿಸಿ ಬೋರ್ಡಿನ ಕಂಬದ ಬುಡದಲ್ಲೇ ಇಟ್ಟಿತ್ತು, ಪಕ್ಕದಲ್ಲಿ ಚಪ್ಪಲಿ ಜೋಡಿ.

ಅವನಿಗೆ ಈಜು ಬರುತ್ತಿರಲಿಲ್ಲವಂತೆ. ನೀರೆಂದರೆ ಹೆದರುವವನಂತೆ. ಅಂಥವನು ಇಷ್ಟು ದೊಡ್ಡ ಬೋರ್ಡು ಎದುರಿಗಿದ್ದೂ ಯಾಕೆ ಇಳಿದ ಎಂಬುದೇ ಊರಿಗೆಲ್ಲ ಒಗಟಾಯಿತು. ನೋವು ಮುಚ್ಚಿಟ್ಟುಕೊಂಡು ಬೇಕೆಂದೇ ಇಳಿದನೋ ಏನೋ ಎಂದು ಕೆಲವರು ಪಿಸುಗುಟ್ಟಿದರು, ಆ ಪಿಸುಮಾತು ತಾಯಿಯ ಕಿವಿಗೂ ಬಿತ್ತು. ಉಳಿದವರು ಹಣೆಬರಹ ಎಂದು ಕೈತೊಳೆದುಕೊಂಡರು. ಇಕ್ಕಟ್ಟಣ್ಣ ಚಹಾದ ಅಂಗಡಿಯಲ್ಲಿ ಲೋಟ ಹಿಡಿದು ಇದನ್ನೆಲ್ಲ ಕೇಳುತ್ತಿದ್ದ. ಬೋರ್ಡು ಇದ್ದೂ ಇಳಿದನಲ್ಲ ಎಂದು ಯಾರೋ ಮತ್ತೊಮ್ಮೆ ಅಂದಾಗ ಅವನಿಗೆ ಏನೋ ಚುಚ್ಚಿದಂತಾಯಿತು. ಚಹಾ ಅರ್ಧಕ್ಕೆ ಬಿಟ್ಟು ಹೊಂಡದ ದಾರಿ ಹಿಡಿದ.

ತಿರುವಿನಲ್ಲಿ ನಿಂತು ತಲೆ ಎತ್ತಿದ. ಬೋರ್ಡು ಕಂಡಿತು. ಸ್ಪಷ್ಟವಾಗಿ, ಕಣ್ಣಿಗೆ ರಾಚುವ ಹಾಗೆ, ಅವನದೇ ಅಕ್ಷರದಲ್ಲಿ ಬರೆದಿತ್ತು: ‘ಆಳ ಇಲ್ಲ’.

ಕಣ್ಣುಜ್ಜಿಕೊಂಡ. ವಯಸ್ಸಾಯಿತು, ಅರವತ್ತೆರಡು, ಕಣ್ಣು ಮಂಜಾಗಿರಬೇಕು ಎಂದುಕೊಂಡು ಹತ್ತು ಹೆಜ್ಜೆ ಮುಂದೆ ಹೋದ. ಆಗಲೂ ‘ಇಲ್ಲ’. ಇನ್ನೂ ಹತ್ತು ಹೆಜ್ಜೆ, ಆಗಲೂ ಅದೇ. ಕಂಬಕ್ಕೆ ಕೈ ತಾಗುವಷ್ಟು ಹತ್ತಿರ ಬಂದಾಗ ಗುಡಿಸು ಕಂಡಿತು. ಕಂಡಿತು ಎನ್ನುವುದಕ್ಕಿಂತ ಅದು ಇದ್ದ ಜಾಗ ಕಂಡಿತು. ಅಕ್ಷರದ ತಲೆಯೊಳಗೆ ಅವನು ಉಳಿಸಿದ್ದ ಕಡಲೆಕಾಳಿನಷ್ಟು ಹಳದಿ ಕಣ್ಣಿನೊಳಗೆ ಮೇಲಿನಿಂದ ತುಕ್ಕು ಇಳಿದು ತುಂಬಿಕೊಂಡಿತ್ತು. ಕೆಳಗಿದ್ದ ಎಚ್ಚರಿಕೆ ಎಂಬ ಮಾತನ್ನು ಪೊದೆ ನುಂಗಿತ್ತು. ಊರೆಲ್ಲ ಹಣೆಬರಹ ಎನ್ನುತ್ತಿತ್ತು, ಬರೆದ ಕೈ ಯಾವುದೆಂದು ಗೊತ್ತಿದ್ದವನು ಅವನೊಬ್ಬನೇ. ಯುವಕ ಇಲ್ಲೇ ನಿಂತಿದ್ದಾನೆ, ಓದಿದ್ದಾನೆ, ನಂಬಿದ್ದಾನೆ, ನಂಬಿ ಅಂಗಿ ಮಡಿಸಿಟ್ಟಿದ್ದಾನೆ. ಇಕ್ಕಟ್ಟಣ್ಣ ಆ ಕಂಬದ ಬುಡದಲ್ಲಿ ಕುಕ್ಕರಿಸಿದ. 

ಬೋರ್ಡು ಬಿಚ್ಚಿ ಮನೆಗೆ ಹೊತ್ತು ತಂದ. ದಾರಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಎಳೆದು, ಒಂದು ಹಲಗೆಯ ಮೇಲೆ ‘ನೀರಿಗೆ ಇಳಿಯಬೇಡಿ’ ಎಂದು ಬರೆದು ಕಟ್ಟಿದ. ತಂದ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹೆಂಡತಿ ಬಂದು, ತಿರುಗಿಸಿ, ಓದಿದಳು. ‘ಆಳ ಇಲ್ಲ’ ಎಂದು ಗಟ್ಟಿಯಾಗಿಯೇ ಓದಿ, ತಿರುಗಿ ಗಂಡನ ಮುಖ ನೋಡಿದಳು. ಅವಳು ಓದಿದ್ದೇ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಬೋರ್ಡನ್ನು ಮತ್ತೆ ಗೋಡೆಗೆ ತಿರುಗಿಸಿಟ್ಟು, ಇದು ಯಾರಿಗೂ ಗೊತ್ತಿಲ್ಲವಲ್ಲ ಎಂದಳು. ಅವನು, ನನಗೆ ಗೊತ್ತಲ್ಲ ಎಂದ. ಆ ತಾಯಿಗೆ ಹೇಳಬೇಕು, ಮಗ ಬೇಕೆಂದೇ ಇಳಿಯಲಿಲ್ಲ, ಮೋಸ ಹೋದ, ಮೋಸ ಮಾಡಿದ್ದು ನಾನು ಎಂದು ಹೇಳಬೇಕು, ಇಲ್ಲದಿದ್ದರೆ ಇನ್ನು ಬ್ರಷ್ಷು ಮುಟ್ಟಲಾರೆ ಎಂದ.

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ,” ಎಂದಳು ಹೆಂಡತಿ.

“ಒದೀಲಿ. ಒದ್ದರೆ ಒಳ್ಳೇದು.”

ಹೇಳಿದಷ್ಟು ಸುಲಭವಾಗಿರಲಿಲ್ಲ. ದಿನಾ ಬೇಕರಿಯವರೆಗೆ ಹೋಗುತ್ತಿದ್ದ, ಅಲ್ಲೇ ಕೆಲಸಕ್ಕಿದ್ದ ತಾಯಿ ಹಿಂದುಗಡೆ ಪಾತ್ರೆ ತೊಳೆಯುತ್ತಿರುವುದು ಕಾಣುತ್ತಿತ್ತು, ಬಾಯಿ ಕಟ್ಟಿದಂತಾಗಿ ಒಂದು ಬ್ರೆಡ್ಡು ಕೊಂಡುಕೊಂಡು ವಾಪಸ್ಸು ಬರುತ್ತಿದ್ದ. ತಿನ್ನುವವರು ಇಬ್ಬರು, ಬ್ರೆಡ್ಡು ಆರಾದವು. ಏಳನೆಯದನ್ನು ತಂದ ದಿನ ಹೆಂಡತಿ ಅದನ್ನು ಅವನ ಕೈಗೇ ವಾಪಸ್ಸು ಕೊಟ್ಟು, ಇದನ್ನು ಹಿಡಿದುಕೊಂಡೇ ಹೋಗಿ ಹೇಳಿ ಬನ್ನಿ ಎಂದು ಬಾಗಿಲು ಹಾಕಿಕೊಂಡಳು.

ಬೇಕರಿಯ ಹಿಂದೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ತಾಯಿಯ ಕೋಣೆ. ಒಂದು ಮಂಚ, ಒಂದು ಸ್ಟವ್, ಅಡ್ಡಕ್ಕೆ ಕಟ್ಟಿದ ಹಗ್ಗದ ಮೇಲೆ ಅವಳ ಎರಡು ಸೀರೆ. ಗೋಡೆಯ ಮೊಳೆಗೆ ಮಗ ಕೆಲಸಕ್ಕೆ ಕಟ್ಟಿಕೊಳ್ಳುತ್ತಿದ್ದ ಬಿಳಿ ಬಟ್ಟೆ. ಅದರ ಪಕ್ಕ ಹಲಗೆಯ ಮೇಲೆ ಹತ್ತು ಹನ್ನೆರಡು ಪುಸ್ತಕ, ಎಲ್ಲಕ್ಕೂ ಹಳೆಯ ಪೇಪರಿನ ರಟ್ಟು ಹಾಕಿ ನೀಟಾಗಿ ಜೋಡಿಸಿತ್ತು. ಅವಳು ನೆಲದ ಮೇಲೆ ಕೂತು ಬೇಕರಿಯ ತಟ್ಟೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ವಯಸ್ಸು ನಲವತ್ತೈದರ ಆಸುಪಾಸು. ಕೂತುಕೊಳ್ಳಿ ಅಣ್ಣ ಎಂದಳು. ಅವನು ಕೂರಲಿಲ್ಲ, ಹೊಸ್ತಿಲ ಮೇಲೇ ನಿಂತು, ಬ್ರೆಡ್ಡನ್ನು ಎದೆಗೆ ಅವಚಿಕೊಂಡು ಹೇಳಿದ.

“ಆ ಹೊಂಡದ ಬೋರ್ಡು ಬರೆದವನು ನಾನು ತಾಯಿ. ನಾನು ಬರೆದದ್ದು ಒಂದು, ಅದು ಕಾಣೋದು ಇನ್ನೊಂದು. ಗುಡಿಸು ಮುಚ್ಚಿಹೋಗಿತ್ತು. ಎಲ್ಲ ಆ ಗುಡಿಸಿಂದ ಆದದ್ದು.”

ಅವಳು ನೆಲ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಕಸಪೊರಕೆಯ ಕಡೆ ನೋಡಿದಳು.

“ಬೆಳಗ್ಗೇನೇ ಗುಡಿಸಿದೀನಿ ಅಣ್ಣ,” ಎಂದಳು.

ದುಃಖಕ್ಕೆ ಬುದ್ಧಿ ಕಲಕಿಹೋಗಿದೆ ಪಾಪ ಎಂದುಕೊಂಡ.  ಮತ್ತೆ ಮೊದಲಿನಿಂದ, ನಿಧಾನವಾಗಿ, ಆ ಪದ ಬಿಟ್ಟು ಹೇಳಿದ. ಇಲ್ಲಿ ಆಳವಿದೆ ಎಂದು ಬರೆಯಲು ಹೋದದ್ದು ಆಳವೇ ಇಲ್ಲ ಎಂದು ಕಾಣುವ ಹಾಗಾಯಿತು. ಊರಿನವರು ಅದನ್ನು ಓದುವುದಿಲ್ಲ, ನಿಮ್ಮ ಮಗ ಓದಿದ. ಓದಿ, ನಂಬಿ, ತಲೆಯ ಹಿಟ್ಟು ತೊಳೆದುಕೊಳ್ಳೋಣ ಎಂದು ಇಳಿದ. ಅವನು ಬೇಕೆಂದು ಏನೂ ಮಾಡಿಕೊಳ್ಳಲಿಲ್ಲ, ಜನರ ಮಾತು ನಂಬಬೇಡಿ. ತಪ್ಪು ನನ್ನ ಕೈಯದು. ಇಷ್ಟು ಹೇಳುವಷ್ಟರಲ್ಲಿ ಅವನ ಕೈಯೊಳಗಿನ ಬ್ರೆಡ್ಡು ಹಿಂಡಿ ಮುದ್ದೆಯಾಗಿತ್ತು.

ಈ ಸಲ ಅವಳಿಗೆ ಅರ್ಥವಾಯಿತು. ಒರೆಸಿ ಮುಗಿಸಿದ್ದ ತಟ್ಟೆಯನ್ನೇ ಎತ್ತಿಕೊಂಡು ಮತ್ತೆ ಒರೆಸಿದಳು, ತಿರುಗಿಸಿ ಮತ್ತೆ ಒರೆಸಿದಳು. ಬೈಯಬಹುದು, ತಟ್ಟೆ ಎಸೆಯಬಹುದು ಎಂದು ಅವನು ಕಾದು ನಿಂತ. ಅವಳು ತಲೆ ಎತ್ತಿ ಅವನ ಮುಖವನ್ನೂ ಹಿಂಡಿಹೋದ ಬ್ರೆಡ್ಡನ್ನೂ ನೋಡಿದಳು.

“ಅವನು ಓದಿಲ್ಲ ಅಣ್ಣ. ಅವನಿಗೆ ಓದೋಕೆ ಬರ್ತಿರಲಿಲ್ಲ,” ಎಂದಳು. “ಎಷ್ಟು ಹೊಡೆದು ಬಡಿದು ಮಾಡಿದ್ರೂ ಒಂದಕ್ಷರ ತಲೆಗೆ ಹತ್ತಲಿಲ್ಲ.”

ಅವನ ಕಣ್ಣು ತಾನಾಗಿ ಹಲಗೆಯ ಮೇಲಿನ ಪುಸ್ತಕಗಳ ಕಡೆ ಹೋಯಿತು.

“ಅವು ನನ್ನವು,” ಎಂದಳು ತಾಯಿ. “ನಿಮ್ಮ ಬೋರ್ಡಿಂದ ಏನೂ ಆಗಿಲ್ಲ. ನೆಮ್ಮದಿಯಾಗಿ ಹೋಗಿ.”

ಅವನು ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲ ಮೇಲೆ ಕೂತು ಅತ್ತ. ಹನ್ನೆರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಸರಿದಿತ್ತು, ಅದಕ್ಕೆ ಸಂತೋಷವಾಯಿತು. ಮಗ ಸತ್ತ ಮನೆಯ ಮೆಟ್ಟಿಲ ಮೇಲೆ ಕೂತು ಸಂತೋಷಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಸಂತೋಷವೇ ಗೆದ್ದಿತು. ಮನುಷ್ಯ ಅಷ್ಟೇ.

ಮನೆಯಲ್ಲಿ ಹೇಳಿದಾಗ ಹೆಂಡತಿ ಬಾಯಿ ತುಂಬ ಆ ತಾಯಿಯನ್ನು ಹೊಗಳಿದಳು. ಆಮೇಲೆ ಮೆಷಿನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತ, ತನ್ನಷ್ಟಕ್ಕೆ ಎಂಬಂತೆ ಕೇಳಿದಳು.

“ಅಷ್ಟು ಪುಸ್ತಕ ಓದೋ ತಾಯಿ ಮಗನಿಗೆ ನಾಲ್ಕಕ್ಷರ ಕಲಿಸಲಿಲ್ವಾ?”

ಅವನಿಗೆ ಸಿಟ್ಟು ಬಂತು. ಹುಣ್ಣು ಮಾಯುವಾಗ ಕೆರೆಯಬೇಡ ಎಂದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಅವನೂ ಆ ಪ್ರಶ್ನೆಯನ್ನು ಮನಸ್ಸಿನ ಯಾವುದೋ ಮೂಲೆಗೆ ತಳ್ಳಿ ಮೇಲೆ ಗೋಣಿ ಹಾಕಿದ.

ಬ್ರಷ್ಷು ಮತ್ತೆ ಕೈಗೆ ಬಂತು. ಹೊಂಡದ ಬೋರ್ಡನ್ನು ಉಜ್ಜಿ ತೆಗೆದು ಹೊಸದಾಗಿ ಬರೆದ, ಈ ಸಲ ‘ಎಚ್ಚರಿಕೆ’ ಎಂಬುದು ಎಲ್ಲಕ್ಕಿಂತ ಮೇಲೆ ಬಂತು. ಬರವಣಿಗೆಯೂ ಬದಲಾಯಿತು. ಅಕ್ಷರಗಳು ಮೊದಲಿನಂತೆಯೇ ದಪ್ಪ, ಮೊದಲಿನಂತೆಯೇ ಒತ್ತಾಗಿ ನಿಲ್ಲುತ್ತಿದ್ದವು, ಆದರೆ ಗುಡಿಸು ಮಾತ್ರ ಸಾಲು ಬಿಟ್ಟು ಮೇಲಕ್ಕೆ ಎದ್ದು, ನಡುವೆ ಗಾಳಿಯಾಡುವಷ್ಟು ದುಂಡಗೆ ತೆರೆದುಕೊಂಡಿತು. ಮಟ್ಟ ಕೆಟ್ಟಿತಲ್ಲ ಇಕ್ಕಟ್ಟಣ್ಣ, ಕೈ ನಡುಗುತ್ತಾ ಎಂದು ಅಂಗಡಿಯವರು ಕೇಳಿದರು. ಹೌದು, ನಡುಗುತ್ತೆ ಎಂದ.

ಬ್ಯಾನರು ಅಂಗಡಿಗೂ ಹೋಗಿ, ಕಂಪ್ಯೂಟರಿನೊಳಗಿನ ಗುಡಿಸನ್ನೂ ಎತ್ತರಿಸಿ ಕೊಡು ತಾಯಿ ಎಂದು ಅಂಗಲಾಚಿದ. ಪೆನ್ಸಿಲ್ಲಿನವಳು ಪಾಪ ಇಡೀ ದಿನ ಕೂತು ಒಂದೊಂದೇ ತಿದ್ದಿದಳು. ಆದರೆ ಹಳೆಯದನ್ನು ಈಗಾಗಲೇ ಅವರಿವರು ಕೇಳಿ ಪಡೆದಿದ್ದಾರೆ, ಅವರಿಂದ ಇನ್ಯಾರಿಗೆ ಹೋಗಿದೆಯೋ ತನಗೂ ಗೊತ್ತಿಲ್ಲ ಎಂದಳು. ಅಂದಿನಿಂದ ಅವನು ಬೀದಿಯಲ್ಲಿ ನಡೆಯುವಾಗ ಪ್ರತಿ ಬ್ಯಾನರಿನ ನೆತ್ತಿ ನೋಡುತ್ತಿದ್ದ. ಔಷಧದ ಅಂಗಡಿಯ ಮುಂದೆ ನಿಂತು, ಗೋಡೆಗೆ ಹಚ್ಚಿದ ಸೂಚನೆಯನ್ನು ಎರಡೆರಡು ಸಲ ಓದುತ್ತಿದ್ದ. ಇಕ್ಕಟ್ಟಣ್ಣನಿಗೆ ಅರಳುಮರಳು ಶುರುವಾಯಿತು ಎಂದು ಜನ ಆಡಿಕೊಂಡರು.

ನಾಲ್ಕು ತಿಂಗಳಾದ ಮೇಲೆ ಪುರಸಭೆಯಿಂದ ಕೆಲಸ ಬಂತು. ಕೋಣೆಗಳ ಬಾಗಿಲ ಮೇಲೆ ವಿಭಾಗದ ಹೆಸರು ಬರೆಯುವ ಕೆಲಸ. ಹಳೆಯ ಗುಮಾಸ್ತ ನಿವೃತ್ತನಾಗಿ ಹೋಗಿದ್ದ, ಆ ಜಾಗದಲ್ಲಿ ಒಬ್ಬ ಹೆಂಗಸು ಬಂದಿದ್ದಳು. ಒಂದು ಬೆಳಗ್ಗೆ ಅವನು ಸ್ಟೂಲಿನ ಮೇಲೆ ನಿಂತು, ಒಳಕ್ಕೆ ತೆರೆದಿಟ್ಟ ಬಾಗಿಲಿನ ಮೇಲೆ ‘ಜನನ ಮರಣ ನೋಂದಣಿ’ ಎಂದು ಬರೆಯುತ್ತಿದ್ದ. ಕೊನೆಯ ಅಕ್ಷರದ ಗುಡಿಸು ಸುತ್ತುತ್ತಿರುವಾಗ ಯಾರೋ ಒಳಗೆ ಬಂದು ಮೇಜಿನ ಮುಂದೆ ಕೂತರು. ಬಂದವರು ತಲೆ ಎತ್ತಿ ನೋಡಿರಲಿಲ್ಲ, ಕೂತ ಮೇಲೆ ಬಾಗಿಲು ಅಡ್ಡ ಇದ್ದದ್ದರಿಂದ ಅವನು ಕಾಣುವಂತಿರಲಿಲ್ಲ. ದನಿ ಕೇಳಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಬೇಕರಿಯ ತಾಯಿ, ಮಗನ ಮರಣದ ದಾಖಲೆ ಪಡೆಯಲು ಬಂದಿದ್ದಳು.

ಗುಮಾಸ್ತೆ ಒಂದೊಂದೇ ಕೇಳಿ ಬರೆದುಕೊಳ್ಳುತ್ತ ಹೋದಳು. ವಯಸ್ಸು, ತಂದೆ ಇದ್ದಾರೋ ಇಲ್ಲವೋ, ಕೆಲಸ, ಸಾವಿನ ಕಾರಣ. ತಾಯಿ ಎಲ್ಲಕ್ಕೂ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಆಮೇಲೆ ಗುಮಾಸ್ತೆ, ಓದು ಎಂದು ಕೇಳಿದಳು.

“ಹತ್ತನೇ ಕ್ಲಾಸು ಪಾಸು,” ಎಂದಳು ತಾಯಿ. ಆ ಒಂದು ಉತ್ತರಕ್ಕೆ ದನಿ ಸ್ವಲ್ಪ ಏರಿತು. “ಕ್ಲಾಸಿಗೇ ಮೊದಲು ಬಂದಿದ್ದ. ಮುಂದಿನ ಪರೀಕ್ಷೆಗೂ ಕಟ್ಟಿದ್ದ ಕಣಮ್ಮ. ಕೆಲಸದಿಂದ ಬಂದು ದಿನಾ ನನಗೆ ಪುಸ್ತಕ ಓದಿ ಹೇಳ್ತಿದ್ದ. ಅದನ್ನೂ ಬರೀರಿ.”

ಅಷ್ಟೆಲ್ಲ ಬರೆಯಲು ಇದರಲ್ಲಿ ಜಾಗ ಇಲ್ಲಮ್ಮ ಎಂದು ಗುಮಾಸ್ತೆ ಮೆಲ್ಲಗೆ ಹೇಳಿ, ಕಾಗದ ತಿರುಗಿಸಿ ಮುಂದಿಟ್ಟಳು. ಸಹಿ ಎಲ್ಲಿ ಹಾಕಬೇಕೆಂದು ತೋರಿಸುವ ಮೊದಲೇ ತಾಯಿ ಎಡಗೈಯ ಹೆಬ್ಬೆರಳು ಮುಂದೆ ಚಾಚಿದಳು. ಗುಮಾಸ್ತೆ ನೀಲಿ ಶಾಯಿಯ ಪ್ಯಾಡು ತೆಗೆದಳು.

ಸ್ಟೂಲಿನ ಮೇಲೆ ನಿಂತವನ ಬ್ರಷ್ಷು ಗಾಳಿಯಲ್ಲೇ ನಿಂತಿತ್ತು. ಬಣ್ಣದ ಒಂದು ಹನಿ ಅವನ ಕಾಲ ಮೇಲೆ ಬಿತ್ತು. ಬೆಳಗ್ಗೇನೇ ಗುಡಿಸಿದೀನಿ ಅಣ್ಣ ಎಂದು ಅವಳು ಯಾಕೆ ಅಂದಳೆಂದು ಅವನಿಗೆ ಈಗ ತಿಳಿಯಿತು. ಬುದ್ಧಿ ಕಲಕಿರಲಿಲ್ಲ. ಅಕ್ಷರ ಬಾರದವಳಿಗೆ ಗುಡಿಸು ಎಂದರೆ ಪೊರಕೆಯೇ. ಪುಸ್ತಕಗಳು ಯಾರವೆಂದೂ ತಿಳಿಯಿತು. ಮಗ ಬೋರ್ಡು ಓದಿದ್ದ. ಇದ್ದ ಒಬ್ಬ ಮಗ ಕ್ಲಾಸಿಗೇ ಮೊದಲು ಬಂದವನೆಂದು ಊರಿಗೆಲ್ಲ ಹೇಳಿಕೊಳ್ಳಬೇಕಾದ ತಾಯಿ, ಹೊಸ್ತಿಲಲ್ಲಿ ಬ್ರೆಡ್ಡು ಹಿಂಡುತ್ತ ನಿಂತ ಒಬ್ಬ ಮುದುಕನ ಸಲುವಾಗಿ ಆ ಮಗನನ್ನು ದಡ್ಡ ಮಾಡಿದ್ದಳು.

ತಾಯಿ ಕಾಗದ ಮಡಿಸಿಕೊಂಡು ಎದ್ದು, ಬಾಗಿಲು ದಾಟುವಾಗ ಅವನನ್ನು ನೋಡಿದಳು. ಬೆಚ್ಚಲಿಲ್ಲ. ಅವನು ಸ್ಟೂಲಿನಿಂದ ಇಳಿದ. ಎರಡೂ ಕೈ ಜೋಡಿಸಲು ಹೋದರೆ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಡಬ್ಬಿ. ಅವಳೇ ಮಾತಾಡಿದಳು.

“ಅವತ್ತು ಹೇಳಿದ್ದು ನಿಮಗೋಸ್ಕರ ಅಣ್ಣ. ಇವತ್ತು ಹೇಳಿದ್ದು ಅವನಿಗೋಸ್ಕರ.”

 ಅವಳು ಹೊರಟುಹೋಗುತ್ತಾಳೆಂದುಕೊಂಡ. ಹೋಗಲಿಲ್ಲ. ಬಾಗಿಲ ಮೇಲಿನ ಬರಹವನ್ನು, ಅಕ್ಷರ ಬಾರದವರು ನೋಡುವ ಹಾಗೆ, ಒಂದು ಚಿತ್ರವನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು. ಅವತ್ತು ನೀವು ಗುಡಿಸು ಅಂದಿರಲ್ಲ, ಅದು ಇದರಲ್ಲಿ ಇದೆಯಾ, ತೋರಿಸಿ ಎಂದಳು.

ಅವನು ಬ್ರಷ್ಷಿನ ಹಿಂದಿನ ತುದಿಯಿಂದ ಕೊನೆಯ ಅಕ್ಷರದ ನೆತ್ತಿ ತೋರಿಸಿದ. ಈಗಷ್ಟೇ ಸುತ್ತಿದ್ದು, ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅವಳು ಹತ್ತಿರ ಬಂದು, ನೀಲಿ ಶಾಯಿ ಹತ್ತಿದ ಹೆಬ್ಬೆರಳನ್ನು ಬಣ್ಣಕ್ಕೆ ತಾಗಿಸದೆ ಅದರ ಎದುರಿಗೆ ಹಿಡಿದು ಅಳೆದಳು. ಉಂಗುರ ಬೆರಳಿನ ಹಿಂದೆ ಪೂರ್ತಿ ಮರೆಯಾಯಿತು.

“ಇಷ್ಟೇನಾ?” ಎಂದಳು.

“ಆ ಬೋರ್ಡಲ್ಲಿ ಇಷ್ಟೂ ಇರಲಿಲ್ಲ ತಾಯಿ,” ಎಂದ.